ಪಾಲಿದ್ದೂ ಪಾಲಿಲ್ಲದವರು: ಮಧ್ಯಯುಗದ ಜರ್ಮನ್ ಕುಲೀನ ಮನೆತನಗಳ ಕಿರಿಯ ಮಕ್ಕಳು

ಪ್ರಶ್ನೆ: ಮಧ್ಯಯುಗದ ಯುರೋಪಿನ ಕುಲೀನ ಮನೆತನಗಳಲ್ಲಿ ಆಸ್ತಿಯೆಲ್ಲವೂ ಹಿರಿಯ ಮಗನಿಗೆ ಸೇರುತ್ತಿತ್ತು, ಕಿರಿಯರು ಪಾದ್ರಿಗಳೋ ಸೈನಿಕರೋ ಆಗಬೇಕಾಗುತ್ತಿತ್ತು ಎಂದು ಓದಿದ್ದೇನೆ. ಜರ್ಮನಿಯಲ್ಲಿಯೂ ಹೀಗೆಯೇ ಇತ್ತೇ? ಅಲ್ಲಿ ಎರಡನೆಯವನಾಗಿಯೋ ಮೂರನೆಯವನಾಗಿಯೋ ಹುಟ್ಟಿದವನ ಬದುಕು ಹೇಗಿರುತ್ತಿತ್ತು? ಅವನು ಮದುವೆಯಾಗಬಹುದಿತ್ತೇ?

ಉತ್ತರ: ನೀವು ಓದಿರುವುದು ಇಂಗ್ಲೆಂಡಿನ ಮಟ್ಟಿಗೆ ಬಹುಪಾಲು ಸರಿ. ನಾರ್ಮನ್ನರು ಬಂದ ಮೇಲೆ ಅಲ್ಲಿ ಜಹಗೀರು ಇಡಿಯಾಗಿ ಹಿರಿಯ ಮಗನಿಗೆ ಹೋಗುವ ಪದ್ಧತಿ ಬೇರೂರಿತು. ತಂದೆಯ ಬಿರುದು ಕೂಡ ತಮ್ಮಂದಿರಿಗೆ ದಕ್ಕುತ್ತಿರಲಿಲ್ಲ. ಪವಿತ್ರ ರೋಮನ್ ಸಾಮ್ರಾಜ್ಯದ ಜರ್ಮನ್ ನಾಡುಗಳಲ್ಲಿ ಸ್ಥಿತಿ ಬೇರೆಯೇ ಆಗಿತ್ತು. ಕೌಂಟ್ ಒಬ್ಬನಿಗೆ ಐವರು ಗಂಡುಮಕ್ಕಳಿದ್ದರೆ ಐವರೂ ಕೌಂಟರೇ, ಡ್ಯೂಕನ ಮಕ್ಕಳೆಲ್ಲರೂ ಡ್ಯೂಕರೇ, ಮತ್ತು ಧರ್ಮಪತ್ನಿಯಲ್ಲಿ ಹುಟ್ಟಿದ ಪ್ರತಿಯೊಬ್ಬ ಮಗನಿಗೂ ಪಿತ್ರಾರ್ಜಿತದಲ್ಲಿ ಹಕ್ಕು ಇತ್ತು. 13ನೆಯ ಶತಮಾನದ ಮೊದಲ ದಶಕಗಳಲ್ಲಿ ಐಕೆ ಫಾನ್ ರೆಪ್ಗೋ ಎಂಬಾತ ಸ್ಯಾಕ್ಸನಿಯ ರೂಢಿಗಳನ್ನು ಒಟ್ಟುಗೂಡಿಸಿ ಬರೆದ ಕಾನೂನು ಗ್ರಂಥ ಸಾಕ್ಸೆನ್‌ಸ್ಪೀಗಲ್, ಇಬ್ಬರು ಒಂದು ಆಸ್ತಿಯನ್ನು ಹಂಚಿಕೊಳ್ಳುವಾಗ ಹಿರಿಯನು ಪಾಲು ಮಾಡಬೇಕು, ಕಿರಿಯನು ಆರಿಸಿಕೊಳ್ಳಬೇಕು ಎಂದು ವಿಧಿಸುತ್ತದೆ. ಅಣ್ಣ ಮೋಸ ಮಾಡದಂತೆ ತಡೆಯಲು ಇದಕ್ಕಿಂತ ಜಾಣ ಉಪಾಯವನ್ನು ಯಾವ ನ್ಯಾಯಾಲಯವೂ ಕಂಡುಹಿಡಿದಿಲ್ಲವೆಂದು ನನಗನಿಸುತ್ತದೆ.

ಆದ್ದರಿಂದ ಜರ್ಮನ್ ಕಿರಿಯ ಮಗನನ್ನು ಪಾಲಿಲ್ಲದವನು ಎಂದು ಕರೆಯುವುದು ತಪ್ಪು. ಅವನಿಗೆ ಪಾಲಿತ್ತು, ಅದನ್ನು ಅವನು ಕೇಳದಂತೆ ನೋಡಿಕೊಳ್ಳುವುದೇ ಮನೆತನದ ಚಿಂತೆಯಾಗಿತ್ತು. ಅವನ ಬದುಕಿನ ಬಹುಪಾಲು ತಿರುವುಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಎಲ್ಲರಿಗೂ ಪಾಲು ಕೊಡುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಬವೇರಿಯಾದಲ್ಲಿ ನೋಡಬಹುದು. ಅಲ್ಲಿನ ವಿಟ್ಟೆಲ್ಸ್‌ಬಾಖ್ ಮನೆತನ 1255ರಲ್ಲಿ ನಾಡನ್ನು ಇಬ್ಬರು ಸಹೋದರರ ನಡುವೆ ಹಂಚಿತು. 1349ರಲ್ಲಿ ಮತ್ತೆ ಹಂಚಿತು. 1392ರಲ್ಲಿ ಮ್ಯೂನಿಕ್, ಇಂಗೋಲ್‌ಸ್ಟಾಟ್, ಲಾಂಡ್ಸ್‌ಹುಟ್ ಎಂದು ಪುನಃ ಹೋಳುಗಳಾದವು. ಇಂಥ ಪಿಡುಗನ್ನು ತಡೆಯಲೆಂದೇ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ 1356ರ ಸುವರ್ಣ ಶಾಸನದಲ್ಲಿ, ಅರಸನನ್ನು ಚುನಾಯಿಸುವ ಲೌಕಿಕ ಎಲೆಕ್ಟರ್‌ಗಳ ಮೂಲ ಪ್ರದೇಶಗಳನ್ನು ಒಡೆಯಬಾರದು, ಅವು ಹಿರಿಯ ಮಗನಿಗೇ ಹೋಗಬೇಕು ಎಂದು ಕಟ್ಟುಮಾಡಿದ. ಆದರೆ ಆ ನಿಯಮ ಬೆರಳೆಣಿಕೆಯ ಮನೆತನಗಳಿಗೆ ಮಾತ್ರ ಅನ್ವಯಿಸಿತು. ಉಳಿದ ನೂರಾರು ಕೌಂಟರೂ ಸಾವಿರಾರು ನೈಟ್ (ಕುದುರೆಯೇರಿ ಹೋರಾಡುವ ಕೆಳಹಂತದ ಕುಲೀನ) ಕುಟುಂಬಗಳೂ ತಂತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕಾಯಿತು.

ಒಂದು ದಾರಿ, ಒಡೆಯದೆ ಕೂಡಿ ಅನುಭವಿಸುವುದು. ಪ್ರಭುವು ಜಹಗೀರನ್ನು ಸಹೋದರರೆಲ್ಲರಿಗೂ ಒಟ್ಟಾಗಿ ಕೊಡುತ್ತಿದ್ದ. ಒಬ್ಬ ಮಕ್ಕಳಿಲ್ಲದೆ ಸತ್ತರೆ ಅವನ ಪಾಲು ಪ್ರಭುವಿಗೆ ಮರಳದೆ ಉಳಿದ ಸಹೋದರರಿಗೆ ಸೇರುತ್ತಿತ್ತು. ಇಂಥ ಕೂಡು ಒಡೆತನದ ಕೋಟೆಗಳು ಜರ್ಮನಿಯ ಪಶ್ಚಿಮ ಭಾಗದಲ್ಲಿ ಹೇರಳವಾಗಿವೆ. ಮೊಸೆಲ್ ನದಿಯ ಬಳಿಯ ಎಲ್ಟ್ಸ್ ಕೋಟೆಯನ್ನು ನೋಡಿದವರಿಗೆ ಅದು ಒಂದು ಕೋಟೆಗಿಂತ ಒತ್ತಾಗಿ ನಿಂತ ಹಲವು ಎತ್ತರದ ಮನೆಗಳ ಗುಂಪಿನಂತೆ ಕಾಣುತ್ತದೆ. ಕಾರಣ ಸರಳ: 1268ರಲ್ಲಿ ಎಲಿಯಾಸ್, ವಿಲ್ಹೆಲ್ಮ್, ಥಿಯೋಡರಿಕ್ ಎಂಬ ಮೂವರು ಸಹೋದರರು ಕೋಟೆಯನ್ನೂ ಅದಕ್ಕೆ ಸೇರಿದ ಜಮೀನನ್ನೂ ಹಂಚಿಕೊಂಡರು, ಮುಂದೆ ಮೂರು ಶಾಖೆಗಳೂ ಒಂದೇ ಅಂಗಳದ ಸುತ್ತ ತಂತಮ್ಮ ವಾಸದ ಗೋಪುರಗಳನ್ನು ಬೆಳೆಸಿದವು. ಇಂಥ ಕೋಟೆಗಳಲ್ಲಿ ಪಾಲುದಾರರು ಒಂದು ಶಾಂತಿ ಒಪ್ಪಂದ ಬರೆದುಕೊಳ್ಳುತ್ತಿದ್ದರು. ಹೆಬ್ಬಾಗಿಲ ಕಾವಲುಗಾರನ ಸಂಬಳದಲ್ಲಿ ಯಾರದು ಎಷ್ಟು, ಬಾವಿಯ ಮತ್ತು ಗೋಡೆಯ ದುರಸ್ತಿಗೆ ಯಾರು ಹಣ ಕೊಡಬೇಕು, ಕೋಟೆಯ ಎಲ್ಲೆಯೊಳಗೆ ಕತ್ತಿ ಹಿರಿದವನಿಗೆ ಏನು ಶಿಕ್ಷೆ ಎಂಬುದೆಲ್ಲ ಅದರಲ್ಲಿರುತ್ತಿತ್ತು. ದಾಯಾದಿಗಳು ಒಂದೇ ಅಂಗಳದಲ್ಲಿ ಬಾಳುವುದು ಎಷ್ಟು ಕಷ್ಟ ಎಂಬುದನ್ನು ಅರಿಯಲು ಈ ಕರಾರುಗಳಿಗಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಇನ್ನೊಂದು ದಾರಿ, ಪಾಲುದಾರರ ಸಂಖ್ಯೆಯನ್ನೇ ಇಳಿಸುವುದು. ವಿಶೇಷವಾಗಿ 14 ಮತ್ತು 15ನೆಯ ಶತಮಾನಗಳಲ್ಲಿ ಕೌಂಟರ ಮನೆತನಗಳು ಒಬ್ಬನಿಗೋ ಇಬ್ಬರಿಗೋ ಮಾತ್ರ ಮದುವೆ ಮಾಡಿ, ಉಳಿದ ಗಂಡುಮಕ್ಕಳನ್ನು ಚಿಕ್ಕಂದಿನಲ್ಲೇ ಚರ್ಚಿಗೆ ಒಪ್ಪಿಸುವ ಕ್ರಮವನ್ನು ಹೆಚ್ಚು ಹೆಚ್ಚಾಗಿ ಅನುಸರಿಸತೊಡಗಿದವು. ಚರ್ಚಿಗೆ ಹೋದವನು ಆಸ್ತಿಯ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಮೊಹರು ಹಾಕಿದ ಪತ್ರ ಬರೆದುಕೊಡುತ್ತಿದ್ದ. ಆದರೆ ಆ ಪತ್ರಗಳಲ್ಲಿ ಅನೇಕ ವೇಳೆ ಒಂದು ಷರತ್ತು ಇರುತ್ತಿತ್ತು: ಅಣ್ಣಂದಿರು ಗಂಡುಸಂತಾನವಿಲ್ಲದೆ ಸತ್ತರೆ ಬಿಟ್ಟುಕೊಟ್ಟ ಹಕ್ಕು ಮರಳಿ ಬರಬೇಕು. ಪ್ಲೇಗು, ಯುದ್ಧ, ಕ್ರೂಸೇಡುಗಳಲ್ಲಿ ವಾರಸುದಾರರು ಪಟಪಟನೆ ಸಾಯುತ್ತಿದ್ದ ಕಾಲದಲ್ಲಿ ಮನೆತನವು ಕಿರಿಯನನ್ನು ಪೂರ್ತಿಯಾಗಿ ಕೈಬಿಡುವಂತಿರಲಿಲ್ಲ. ಅಗತ್ಯ ಬಿದ್ದಾಗ ಕರೆಸಿಕೊಳ್ಳುವಷ್ಟು ಹತ್ತಿರ, ಪಾಲು ಕೇಳಲಾಗದಷ್ಟು ದೂರ ಅವನನ್ನು ಇಡಬೇಕಾಗಿತ್ತು.

ಚರ್ಚು ಎಂದೊಡನೆ ಹಳ್ಳಿಯ ಪಾದ್ರಿಯನ್ನೋ ಮಠದ ಸನ್ಯಾಸಿಯನ್ನೋ ಕಲ್ಪಿಸಿಕೊಳ್ಳಬೇಡಿ. ಕುಲೀನರು ಬಯಸುತ್ತಿದ್ದುದು ಕ್ಯಾಥೆಡ್ರಲ್‌ನ, ಅಂದರೆ ಬಿಷಪ್‌ನ ಪ್ರಧಾನ ಚರ್ಚಿನ, ಕ್ಯಾನನ್ (ಮಂಡಳಿ ಸದಸ್ಯ) ಸ್ಥಾನವನ್ನು. ಬಿಷಪ್‌ನನ್ನು ಚುನಾಯಿಸುವ ಅಧಿಕಾರ ಈ ಕ್ಯಾನನ್‌ಗಳ ಮಂಡಳಿಗಿತ್ತು. ಜರ್ಮನ್ ಬಿಷಪ್‌ರಲ್ಲಿ ಬಹಳ ಮಂದಿ ಸ್ವತಃ ನಾಡಾಳುವ ರಾಜಕುಮಾರರಾಗಿದ್ದುದರಿಂದ ಇದು ಸಣ್ಣ ಅಧಿಕಾರವಲ್ಲ. ಪ್ರತಿ ಕ್ಯಾನನ್‌ನಿಗೂ ಧಾನ್ಯ, ದ್ರಾಕ್ಷಾರಸ ಮತ್ತು ನಗದಿನ ರೂಪದ ಉಂಬಳಿ ಇರುತ್ತಿತ್ತು, ಕ್ಯಾಥೆಡ್ರಲ್ ಬಳಿ ಸ್ವಂತ ಮನೆಯೂ ಇರುತ್ತಿತ್ತು. ನಿತ್ಯದ ಪ್ರಾರ್ಥನೆಗಳನ್ನು ಹಾಡಲು ಬಡ ಪಾದ್ರಿಗಳನ್ನು ಬದಲಿಗಳಾಗಿ ನೇಮಿಸಿಕೊಳ್ಳಬಹುದಾಗಿತ್ತು. ಎಲ್ಲಕ್ಕಿಂತ ಮುಖ್ಯವಾದ ಅನುಕೂಲವೆಂದರೆ ಅವನು ಪೂರ್ಣ ದೀಕ್ಷೆ ಪಡೆಯಲೇಬೇಕೆಂದಿರಲಿಲ್ಲ. ಕೆಳಹಂತದ ದೀಕ್ಷೆಯಲ್ಲೇ ನಿಂತವನು ಸ್ಥಾನ ತೊರೆದು ಮನೆಗೆ ಮರಳಿ ಮದುವೆಯಾಗಬಹುದಿತ್ತು. ಈ ಹುದ್ದೆಗಳಿಗೆ ಬೇಡಿಕೆ ಹೆಚ್ಚಿದಂತೆ ಮಂಡಳಿಗಳು ವಂಶದ ಪುರಾವೆ ಕೇಳತೊಡಗಿದವು. ಕಲೋನ್ ಮತ್ತು ಸ್ಟ್ರಾಸ್‌ಬರ್ಗ್‌ಗಳಲ್ಲಿ ಕುಲೀನರ ಸ್ಥಾನಗಳು ಕೌಂಟರಂಥ ಮೇಲುವರ್ಗದವರಿಗೇ ಮೀಸಲಾದವು. ಮೈನ್ಸ್, ವ್ಯೂರ್ಟ್ಸ್‌ಬುರ್ಗ್, ಬಾಂಬರ್ಗ್‌ಗಳಲ್ಲಿ ನೈಟ್ ಕುಟುಂಬಗಳು ಬೀಡುಬಿಟ್ಟವು. ಬಡಗಿಯ ಮನೆಯಲ್ಲಿ ಬೆಳೆದ ಕ್ರಿಸ್ತನಿಗೇ ಸ್ಟ್ರಾಸ್‌ಬರ್ಗ್ ಮಂಡಳಿಯಲ್ಲಿ ವಿಶೇಷ ವಿನಾಯಿತಿಯಿಲ್ಲದೆ ಪ್ರವೇಶ ಸಿಗದು ಎಂಬ ಕುಹಕವೊಂದು ಎರಾಸ್ಮಸ್‌ನ ಹೆಸರಿನಲ್ಲಿ ಪ್ರಚಲಿತವಾಗಿದೆ.

ಈ ಹೋಗಿಬರುವ ಬಾಗಿಲು ಎಷ್ಟು ಅಪಾಯಕಾರಿಯಾಗಬಹುದಿತ್ತು ಎಂಬುದಕ್ಕೆ 1225ರ ಒಂದು ಕೊಲೆಯನ್ನು ನೋಡೋಣ. ಬೆರ್ಗ್ ಕೌಂಟರ ಮನೆಯ ಕಿರಿಯ ಮಗ ಎಂಗೆಲ್ಬರ್ಟ್ ಹುಡುಗನಾಗಿದ್ದಾಗಲೇ ಚರ್ಚಿನ ದಾರಿ ಹಿಡಿದು, ಕಲೋನ್ ಕ್ಯಾಥೆಡ್ರಲ್‌ನ ಮುಖ್ಯಸ್ಥನಾಗಿ, 1216ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಆದ. ಎರಡೇ ವರ್ಷಗಳಲ್ಲಿ ಅವನ ಅಣ್ಣ ಅಡಾಲ್ಫ್ ಈಜಿಪ್ಟಿನ ದಮಿಯೆಟ್ಟಾದ ಮುಂದೆ ಕ್ರೂಸೇಡಿನಲ್ಲಿ ತೀರಿಕೊಂಡ. ಅಡಾಲ್ಫ್‌ನಿಗೆ ಮಗಳೊಬ್ಬಳೇ, ಅವಳನ್ನು ಲಿಂಬುರ್ಗ್ ಮನೆತನಕ್ಕೆ ಕೊಡಲಾಗಿತ್ತು. ಆರ್ಚ್‌ಬಿಷಪ್ ಸುಮ್ಮನಿರದೆ, ತಾನೂ ಬೆರ್ಗ್‌ನ ಮಗನೇ ಎಂದು ವಾದಿಸಿ, ಕೌಂಟ್ ಪದವಿಯನ್ನು ತನ್ನ ವಶದಲ್ಲೇ ಇಟ್ಟುಕೊಂಡು ಸಾಯುವವರೆಗೂ ಆಳಿದ. ಅವನ ದಾಯಾದಿ ಇಸೆನ್‌ಬರ್ಗ್‌ನ ಫ್ರೀಡ್ರಿಕ್‌ನದು ಇದೇ ಕಥೆಯ ತಿರುಗುಮುರುಗು ರೂಪ. ಅವನನ್ನೂ ಮೊದಲು ಕಲೋನ್‌ನಲ್ಲಿ ಕ್ಯಾನನ್ ಮಾಡಿದ್ದರು. ಅಣ್ಣ ಸತ್ತ ಮೇಲೆ ಚರ್ಚನ್ನು ತೊರೆದು ಬಂದು ಕೌಂಟ್ ಆದ, ಮದುವೆಯಾಗಿ ಮಕ್ಕಳನ್ನು ಪಡೆದ. ಅವನ ಆದಾಯದ ದೊಡ್ಡ ಭಾಗ ಎಸ್ಸೆನ್ ಕಾನ್ವೆಂಟಿನ ಆಸ್ತಿಯ ರಕ್ಷಕನೆಂಬ ಹುದ್ದೆಯಿಂದ ಬರುತ್ತಿತ್ತು, ರಕ್ಷಣೆಯ ಹೆಸರಿನಲ್ಲಿ ಅವನು ಸುಲಿಗೆ ನಡೆಸುತ್ತಾನೆಂದು ಅಲ್ಲಿನ ಸನ್ಯಾಸಿನಿಯರು ದೂರು ಕೊಟ್ಟರು. ಎಂಗೆಲ್ಬರ್ಟ್ ಅದನ್ನು ತಡೆಯಹೊರಟ. 1225ರ ನವೆಂಬರ್ 7ರಂದು, ಸೋಸ್ಟ್‌ನಿಂದ ಮರಳುತ್ತಿದ್ದ ಆರ್ಚ್‌ಬಿಷಪ್‌ನನ್ನು ಫ್ರೀಡ್ರಿಕ್‌ನ ಕಡೆಯವರು ಗೆವೆಲ್ಸ್‌ಬರ್ಗ್ ಬಳಿಯ ಇಕ್ಕಟ್ಟಿನ ಹಾದಿಯಲ್ಲಿ ಅಡ್ಡಗಟ್ಟಿ ಕೊಂದರು. ಮರುವರ್ಷ ಫ್ರೀಡ್ರಿಕ್‌ನನ್ನು ಕಲೋನ್‌ನಲ್ಲಿ ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಕೊಲ್ಲಲಾಯಿತು. ಅವನ ಇಬ್ಬರು ಸಹೋದರರು ಆಗ ಮ್ಯೂನ್‌ಸ್ಟರ್ ಮತ್ತು ಓಸ್ನಾಬ್ರ್ಯೂಕ್‌ಗಳ ಬಿಷಪ್‌ರಾಗಿದ್ದರು. ಸಂಚಿನಲ್ಲಿ ಪಾಲ್ಗೊಂಡ ಆರೋಪದ ಮೇಲೆ ಅವರಿಬ್ಬರೂ ಪದಚ್ಯುತರಾದರು. ಕೊಂದವನು, ಸತ್ತವನು, ಸ್ಥಾನ ಕಳೆದುಕೊಂಡವರು, ಎಲ್ಲರೂ ಮನೆತನಗಳು ಚರ್ಚಿನಲ್ಲಿ ಇರಿಸಿದ್ದ ಮಕ್ಕಳೇ.

ನೀವು ಸೈನಿಕ ವೃತ್ತಿಯ ಬಗ್ಗೆಯೂ ಕೇಳಿದ್ದೀರಿ. ಖಡ್ಗವನ್ನೂ ಚರ್ಚನ್ನೂ ಒಟ್ಟಿಗೆ ಹಿಡಿಯಬಯಸುವವರಿಗೆ ಟ್ಯೂಟಾನಿಕ್ ಪಂಥ ಎಂಬ ವ್ರತಧಾರಿ ನೈಟ್‌ಗಳ ಸಂಘವಿತ್ತು. 1190ರಲ್ಲಿ ಪವಿತ್ರ ಭೂಮಿಯ ಆಕ್ರೆ ನಗರದ ಮುತ್ತಿಗೆಯ ಕಾಲದಲ್ಲಿ ಆಸ್ಪತ್ರೆಯಾಗಿ ಆರಂಭವಾದ ಈ ಸಂಸ್ಥೆ ಮುಂದೆ ಪ್ರಷ್ಯಾವನ್ನು ಗೆದ್ದು ಮರಿಯನ್‌ಬುರ್ಗ್ ಕೋಟೆಯಿಂದ ಆಳಿತು. ಬ್ರಹ್ಮಚರ್ಯ, ಬಡತನ, ವಿಧೇಯತೆಗಳ ವ್ರತ ತೊಟ್ಟು ಸೇರಿದ ಫ್ರಾಂಕೋನಿಯಾದ ಅಥವಾ ಥುರಿಂಜಿಯಾದ ಬಡ ನೈಟ್‌ನ ಮೂರನೆಯ ಮಗ, ಅದೃಷ್ಟವಿದ್ದರೆ, ತನ್ನ ಅಣ್ಣ ಕನಸಿನಲ್ಲಿಯೂ ಕಾಣದಷ್ಟು ವಿಶಾಲವಾದ ಸೀಮೆಯ ಅಧಿಕಾರಿಯಾಗಿ ಬಾಳು ಮುಗಿಸಬಹುದಿತ್ತು. ಇದಲ್ಲದೆ 14ನೆಯ ಶತಮಾನದಲ್ಲಿ ಇಟಲಿಯ ನಗರಗಳು ಜರ್ಮನ್ ಕುದುರೆ ಸವಾರರನ್ನು ಕೂಲಿಗೆ ಪಡೆಯುತ್ತಿದ್ದವು. ಸಂಬಳ ನಿಂತಾಗ ಅವರೇ ತಂಡ ಕಟ್ಟಿಕೊಂಡು ಅದೇ ನಗರಗಳನ್ನು ದೋಚುತ್ತಿದ್ದರು. 15ನೆಯ ಶತಮಾನದ ಕೊನೆಗೆ ಕಾನೂನು ಪದವಿಯೂ ಒಂದು ದಾರಿಯಾಯಿತು. 1495ರಲ್ಲಿ ಸ್ಥಾಪನೆಯಾದ ಸಾಮ್ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ನೈಟ್ ವರ್ಗದವರಿಗೂ ನ್ಯಾಯಾಧೀಶ ಸ್ಥಾನಗಳಿದ್ದವು.

ಇವು ಯಾವುದಕ್ಕೂ ಸೇರದೆ ಲೌಕಿಕನಾಗಿಯೇ ಉಳಿದ ಕಿರಿಯ ಮಗನ ಬದುಕನ್ನು ನಾವು ಒಬ್ಬನ ವಿಷಯದಲ್ಲಿ ಅಸಾಧಾರಣ ವಿವರಗಳೊಂದಿಗೆ ಬಲ್ಲೆವು. ಇಂದು ಇಟಲಿಗೆ ಸೇರಿರುವ ದಕ್ಷಿಣ ಟಿರೋಲ್‌ನ ಓಸ್ವಾಲ್ಡ್ ಫಾನ್ ವೋಲ್ಕೆನ್‌ಸ್ಟೈನ್ ಸುಮಾರು 1377ರಲ್ಲಿ ಹುಟ್ಟಿದ ಎರಡನೆಯ ಮಗ; ಅಣ್ಣ ಮಿಖಾಯೆಲ್, ತಮ್ಮ ಲಿಯೋನ್‌ಹಾರ್ಡ್. ಓಸ್ವಾಲ್ಡ್ ಕವಿಯೂ ಗಾಯಕನೂ ಆಗಿದ್ದುದರಿಂದ ಮತ್ತು ಕುಟುಂಬದ ದಾಖಲೆಪತ್ರಗಳು ಉಳಿದಿರುವುದರಿಂದ ಅವನ ಹಾಡುಗಳನ್ನೂ ಕರಾರುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಹುದು. ಹತ್ತು ವರ್ಷದವನಿದ್ದಾಗ ಜಗತ್ತು ನೋಡಲು ಮನೆ ಬಿಟ್ಟೆ, ಚೀಲದಲ್ಲಿ ಮೂರು ಪೆನ್ನಿಗಳೂ ಒಂದು ತುಂಡು ರೊಟ್ಟಿಯೂ ಇದ್ದವು ಎಂದು ಅವನು ಹಾಡುತ್ತಾನೆ. ಕುದುರೆ ಲಾಯದಲ್ಲಿ, ಅಡುಗೆಮನೆಯಲ್ಲಿ ದುಡಿದ, ಹಡಗಿನಲ್ಲಿ ಹುಟ್ಟು ಹಾಕಿದ, ಹತ್ತು ಭಾಷೆ ಕಲಿತ ಎಂಬುದೂ ಅವನದೇ ಮಾತು. ಕವಿಯ ಬಡಾಯಿಯನ್ನು ಕಳೆದರೂ, ಕುಲೀನ ಬಾಲಕರು ಎಳೆಯ ವಯಸ್ಸಿನಲ್ಲೇ ಪರರ ಮನೆಯಲ್ಲಿ ಊಳಿಗಕ್ಕೆ ಹೋಗುತ್ತಿದ್ದುದು ವಾಸ್ತವ. ಅಣ್ಣನೂ ಹೋಗುತ್ತಿದ್ದನೆನ್ನಿ, ಅವನು ತಿರುಗಿ ಬರುವುದು ತನ್ನ ಮನೆಗೆ, ತಮ್ಮ ಬರುವುದು ಅಣ್ಣನ ಮನೆಗೆ.

ತಂದೆ ಸುಮಾರು 1400ರಲ್ಲಿ ತೀರಿಕೊಂಡ. ಆದರೆ ಪಾಲಾದದ್ದು 1407ರಲ್ಲಿ. ಅಷ್ಟರಲ್ಲಿ ಓಸ್ವಾಲ್ಡ್‌ನಿಗೆ ಮೂವತ್ತು ದಾಟುತ್ತಿತ್ತು. ಅವನಿಗೆ ಸಿಕ್ಕಿದ್ದು ಷ್ಲೆರ್ನ್ ಬೆಟ್ಟದ ಬುಡದ ಕಾಡಿನಲ್ಲಿರುವ ಹಾವೆನ್‌ಸ್ಟೈನ್ ಕೋಟೆಯ ಮೂರನೆಯ ಒಂದು ಭಾಗ ಮತ್ತು ಅದಕ್ಕೆ ಸೇರಿದ ಗೇಣಿ. ಉಳಿದ ಎರಡು ಭಾಗಗಳು ಮಾರ್ಟಿನ್ ಯೇಗರ್ ಎಂಬ ಇನ್ನೊಬ್ಬ ನೈಟ್‌ನವು. ಮೂರನೆಯ ಒಂದು ಕೋಟೆಯನ್ನು ನಂಬಿ ಸಂಸಾರ ಹೂಡುವುದಾದರೂ ಹೇಗೆ? ಅವನು ಹೂಡಲಿಲ್ಲ. ಪವಿತ್ರ ಭೂಮಿಗೆ ಯಾತ್ರೆ ಹೋಗಿ ಬಂದ, 1411ರಲ್ಲಿ ಬ್ರಿಕ್ಸೆನ್ ಬಳಿಯ ನಾಯ್‌ಷ್ಟಿಫ್ಟ್ ಮಠದಲ್ಲಿ ವಾಸದ ಹಕ್ಕೊಂದನ್ನು ಖರೀದಿಸಿದ. ಹಣ ಕೊಟ್ಟು ಆಸರೆ ಪಡೆಯುವ ಈ ವ್ಯವಸ್ಥೆ ಆ ಕಾಲದಲ್ಲಿ ಸಾಕಷ್ಟು ರೂಢಿಯಲ್ಲಿತ್ತು. 1415ರಲ್ಲಿ ಕಾನ್‌ಸ್ಟಾನ್ಸ್ ಧರ್ಮಸಭೆಯ ಸಮಯದಲ್ಲಿ ಜರ್ಮನ್ ದೊರೆ ಸಿಗಿಸ್ಮಂಡ್ ಅವನನ್ನು ವರ್ಷಕ್ಕೆ 300 ಹಂಗೇರಿಯನ್ ಗುಲ್ಡನ್ (ಚಿನ್ನದ ನಾಣ್ಯ) ಸಂಬಳದ ಮೇಲೆ ಸೇವೆಗೆ ತೆಗೆದುಕೊಂಡ. ಅವನ ಮದುವೆ ನಡೆದದ್ದು ಅದಾದ ಮೇಲೆಯೇ, 1417ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಷ್ವಾಂಗೌ ಮನೆತನದ ಮಾರ್ಗರೆಟ್‌ಳೊಂದಿಗೆ.

ಮದುವೆಯಾದವನಿಗೆ ಮನೆ ಬೇಕು. ಓಸ್ವಾಲ್ಡ್ ಹಾವೆನ್‌ಸ್ಟೈನ್‌ನ ಉಳಿದ ಎರಡು ಭಾಗಗಳನ್ನೂ ಬಲವಂತವಾಗಿ ಆಕ್ರಮಿಸಿಕೊಂಡು ಅಲ್ಲಿ ನೆಲೆಸಿದ. ಪಾಲುದಾರ ಬಿಡುವವನಾಗಿರಲಿಲ್ಲ. 1421ರಲ್ಲಿ ಓಸ್ವಾಲ್ಡ್‌ನ ಹಳೆಯ ಪ್ರೇಯಸಿಯೊಬ್ಬಳ ನೆರವಿನಿಂದ ಅವನನ್ನು ಸೆರೆಹಿಡಿದು, ಚಿತ್ರಹಿಂಸೆ ಕೊಟ್ಟು, ಕೊನೆಗೆ ಟಿರೋಲ್ ಆಳುತ್ತಿದ್ದ ಡ್ಯೂಕ್ ನಾಲ್ಕನೆಯ ಫ್ರೀಡ್ರಿಕ್‌ಗೆ ಒಪ್ಪಿಸಲಾಯಿತು. ಸೆರೆ, ಜಾಮೀನು, ಪುನಃ ಸೆರೆ ಎಂದು ವರ್ಷಗಳು ಕಳೆದು 1427ರಲ್ಲಿ ರಾಜಿಯಾಯಿತು: ಯೇಗರ್‌ಗೆ ಹಣ ಕೊಟ್ಟು ಕೋಟೆಯನ್ನು ಅವನೇ ಉಳಿಸಿಕೊಂಡ. ತನ್ನದೆನ್ನುವ ಇಡೀ ಸೂರು ಅವನ ಕೈ ಸೇರಲು ತಂದೆ ಸತ್ತ ಮೇಲೆ ಕಾಲು ಶತಮಾನಕ್ಕೂ ಹೆಚ್ಚು ಹಿಡಿಯಿತು. ಹಾವೆನ್‌ಸ್ಟೈನ್‌ನ ಮೇಲೆ ಅವನು ಬರೆದ ಹಾಡಿನಲ್ಲಿ ಮಕ್ಕಳ ಕಿರುಚಾಟ, ಕತ್ತೆಗಳ ಅರಚಾಟ, ಹಿಮ, ಬೇಸರ ತುಂಬಿವೆ. ಅಷ್ಟು ಬಡಿದಾಡಿ ಪಡೆದ ಮನೆಯನ್ನೇ ಅವನು ಹೀಗೆ ಬೈಯುತ್ತಾನೆ.

ಡ್ಯೂಕರ ಮನೆಯ ಕಿರಿಯ ಮಗನಿಗೆ ರೊಟ್ಟಿಯ ಚಿಂತೆ ಇರಲಿಲ್ಲ, ಆದರೆ ಜಗಳದ ಸ್ವರೂಪ ಅದೇ ಆಗಿತ್ತು. ಮ್ಯೂನಿಕ್‌ನ ಡ್ಯೂಕ್ ಮೂರನೆಯ ಆಲ್ಬ್ರೆಕ್ಟ್ 1460ರಲ್ಲಿ ಐವರು ಗಂಡುಮಕ್ಕಳನ್ನು ಬಿಟ್ಟು ಸತ್ತಾಗ, ಹಿರಿಯರಿಬ್ಬರು ಮಾತ್ರ ಆಳಬೇಕೆಂದು ಅವನ ಇಚ್ಛೆಯಾಗಿತ್ತು. ಮೂರನೆಯವನಾದ ಇನ್ನೊಬ್ಬ ಆಲ್ಬ್ರೆಕ್ಟ್ ಚರ್ಚಿನ ಬದುಕಿಗೆಂದು ಇಟಲಿಯ ಪವಿಯಾದಲ್ಲಿ ಓದುತ್ತಿದ್ದ. 1463ರಲ್ಲಿ ಹಿರಿಯಣ್ಣ ಪ್ಲೇಗಿನಿಂದ ಸತ್ತೊಡನೆ ಓದು ಬಿಟ್ಟು ಬಂದು ಪಾಲು ಕೇಳಿದ; 1467ರ ಹೊತ್ತಿಗೆ ಎರಡನೆಯ ಅಣ್ಣ ಸಿಗಿಸ್ಮಂಡ್ ಅಧಿಕಾರ ಬಿಟ್ಟು ಸರಿದಿದ್ದ, ಆಲ್ಬ್ರೆಕ್ಟ್ ಒಬ್ಬನೇ ಆಳುತ್ತಿದ್ದ. ಕಿರಿಯವನಾಗಿದ್ದು ಹಕ್ಕು ಸಾಧಿಸಿದ ಇವನು ತನಗಿಂತ ಕಿರಿಯವನಾದ ಕ್ರಿಸ್ಟೋಫ್ ಅದೇ ಹಕ್ಕನ್ನು ಕೇಳಿದಾಗ ಸುತರಾಂ ಒಪ್ಪಲಿಲ್ಲ. 1471ರಲ್ಲಿ ಕ್ರಿಸ್ಟೋಫ್ ಸ್ನಾನದಲ್ಲಿದ್ದಾಗಲೇ ಅವನನ್ನು ಹಿಡಿಸಿ, ಮ್ಯೂನಿಕ್‌ನ ಕೋಟೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕೂಡಿಹಾಕಿದ. ಹಿಡಿದು ಕೊಟ್ಟ ಅಬೆನ್ಸ್‌ಬರ್ಗ್‌ನ ನಿಕ್ಲಾಸ್ 1485ರಲ್ಲಿ ಕ್ರಿಸ್ಟೋಫ್‌ನ ಕಡೆಯವರ ಕೈಯಲ್ಲಿ ಸತ್ತ, ಅವನೊಂದಿಗೆ ಅವನ ವಂಶವೂ ಮುಗಿಯಿತು. ಕ್ರಿಸ್ಟೋಫ್ ನಾಡನ್ನು ಕೊನೆಗೂ ಆಳಲಿಲ್ಲ; 1493ರಲ್ಲಿ ಜೆರುಸಲೇಮಿನಿಂದ ಮರಳುವಾಗ ರೋಡ್ಸ್ ದ್ವೀಪದಲ್ಲಿ ತೀರಿಕೊಂಡ. ಕತ್ತಿವರಸೆಯಲ್ಲೂ ದೇಹಬಲದಲ್ಲೂ ಅವನು ಹೆಸರುವಾಸಿ, ಅವನು ಎತ್ತಿ ಎಸೆದನೆನ್ನಲಾದ ಕರಿಕಲ್ಲು ಮ್ಯೂನಿಕ್ ಅರಮನೆಯ ದ್ವಾರದ ಹಾದಿಯಲ್ಲಿ ಇಂದಿಗೂ ಸರಪಳಿ ಹಾಕಿಕೊಂಡು ಬಿದ್ದಿದೆ. ಆಳಲು ನಾಡಿಲ್ಲದ ಬಲಶಾಲಿ ರಾಜಕುಮಾರನ ಕಸುವು ಕುಸ್ತಿ, ಟೂರ್ನಮೆಂಟು, ಯಾತ್ರೆಗಳಲ್ಲಿ ಖರ್ಚಾಗುವುದು ಸಹಜವೇ.

1506ರಲ್ಲಿ ಇದೇ ಆಲ್ಬ್ರೆಕ್ಟ್, ಇನ್ನು ಮುಂದೆ ಬವೇರಿಯಾ ಒಡೆಯಬಾರದು, ಹಿರಿಯ ಮಗನೊಬ್ಬನೇ ಆಳಬೇಕು, ಉಳಿದವರು ಕೌಂಟ್ ಎಂಬ ಬಿರುದು ಮತ್ತು ವರ್ಷಕ್ಕೆ 4000 ಗುಲ್ಡನ್ ಪಡೆದು ತೃಪ್ತರಾಗಬೇಕು ಎಂಬ ಕಾನೂನು ತಂದ. ಎರಡು ವರ್ಷಗಳಲ್ಲಿ ಅವನು ಸತ್ತ. ಎರಡನೆಯ ಮಗ ಲುಡ್‌ವಿಗ್, ತಾನು ಹುಟ್ಟಿದ್ದು 1495ರಲ್ಲಿ, ಕಾನೂನಿಗೂ ಮೊದಲು, ಆದ್ದರಿಂದ ಹುಟ್ಟಿನಿಂದಲೇ ಡ್ಯೂಕ್ ಎಂದು ಪಟ್ಟು ಹಿಡಿದ. ತಾಯಿ ಕುನಿಗುಂಡೆ, ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನ ತಂಗಿ, ಗಂಡ ಮಾಡಿದ ಕಾನೂನಿಗೆ ವಿರುದ್ಧವಾಗಿ ಕಿರಿಯ ಮಗನ ಪರ ನಿಂತಳು. ಕೊನೆಗೆ ಅಣ್ಣ ವಿಲ್ಹೆಲ್ಮ್ ಅವನನ್ನು ಸಹ ಆಡಳಿತಗಾರನೆಂದು ಒಪ್ಪಿಕೊಳ್ಳಬೇಕಾಯಿತು. ಲುಡ್‌ವಿಗ್ ಲಾಂಡ್ಸ್‌ಹುಟ್‌ನಲ್ಲಿ ನೆಲೆಸಿ, ಇಟಲಿಯ ಮಾಂಟುವಾದಲ್ಲಿ ಕಂಡು ಮೆಚ್ಚಿದ ಮಾದರಿಯಲ್ಲಿ ಅರಮನೆಯನ್ನೂ ಕಟ್ಟಿಸಿದ. ಮೂರನೆಯವನಾದ ಅರ್ನ್‌ಸ್ಟ್‌ಗೆ ಇಂಥ ಗೆಲುವು ಸಿಗಲಿಲ್ಲ. ಅವನು ಪಸ್ಸೌ ಬಿಷಪ್ ಪ್ರಾಂತದ, 1540ರಿಂದ ಜಾಲ್ಟ್ಸ್‌ಬುರ್ಗ್‌ನ ಆಡಳಿತ ನಡೆಸಿದನಾದರೂ ಪಾದ್ರಿಯ ದೀಕ್ಷೆಯನ್ನು ಮಾತ್ರ ಪಡೆಯಲೊಪ್ಪದೆ, ರೋಮ್‌ನ ಒತ್ತಾಯ ತಡೆಯಲಾಗದೆ 1554ರಲ್ಲಿ ಪದವಿಯನ್ನೇ ಬಿಟ್ಟುಕೊಟ್ಟ.

ಇನ್ನು ಮದುವೆಯ ಬಗೆಗಿನ ನಿಮ್ಮ ಪ್ರಶ್ನೆ. ಲೌಕಿಕನಾಗಿ ಉಳಿದ ಕಿರಿಯ ಮಗ ಮದುವೆಯಾಗುವುದನ್ನು ಯಾವ ಕಾನೂನೂ ತಡೆಯುತ್ತಿರಲಿಲ್ಲ, ಕ್ಯಾನನ್ ಕೂಡ ಕೆಳಹಂತದ ದೀಕ್ಷೆಯಲ್ಲಿರುವವರೆಗೆ ಹೊರಬಂದು ಮದುವೆಯಾಗಬಹುದಿತ್ತು. ತಡೆಯುತ್ತಿದ್ದುದು ಲೆಕ್ಕಾಚಾರ. ಹೆಣ್ಣಿನ ಕಡೆಯವರು ವರದಕ್ಷಿಣೆ ತರುತ್ತಿದ್ದರು, ಅದಕ್ಕೆ ಪ್ರತಿಯಾಗಿ ಗಂಡನು ತಾನು ಸತ್ತರೆ ಹೆಂಡತಿಯ ಜೀವನಕ್ಕೆ ಆಧಾರವಾಗಿ ಯಾವುದಾದರೂ ಕೋಟೆಯನ್ನೋ ಹಳ್ಳಿಯ ಗೇಣಿಯನ್ನೋ ಬರೆದುಕೊಡಬೇಕಿತ್ತು. ಬರೆದುಕೊಡಲು ಸ್ವಂತದ್ದೇನೂ ಇಲ್ಲದವನಿಗೆ ತನ್ನ ಅಂತಸ್ತಿನ ಹೆಣ್ಣು ಸಿಗುತ್ತಿರಲಿಲ್ಲ, ಅಂತಸ್ತು ಬಿಟ್ಟು ನಗರದ ವರ್ತಕನ ಮಗಳನ್ನು ತಂದರೆ ಮುಂದೆ ಅವನ ಮೊಮ್ಮಕ್ಕಳು ಕ್ಯಾಥೆಡ್ರಲ್ ಮಂಡಳಿಯ ವಂಶಪರೀಕ್ಷೆಯಲ್ಲಿ ಸೋಲುತ್ತಿದ್ದರು. ಇದಲ್ಲದೆ, ಕಿರಿಯ ಮಗ ಮದುವೆಯಾಗದೆ ಉಳಿಯುವುದು ಅಣ್ಣನ ಮಕ್ಕಳಿಗೆ ಲಾಭಕರವಾಗಿತ್ತು. ಲಾಂಡ್ಸ್‌ಹುಟ್‌ನ ಲುಡ್‌ವಿಗ್ ಕಾನೂನಿನೊಡನೆ ಹೋರಾಡಿ ಗೆದ್ದರೂ ಕೊನೆಯವರೆಗೂ ಅವಿವಾಹಿತನಾಗಿಯೇ ಇದ್ದ. 1545ರಲ್ಲಿ ಅವನು ತೀರಿಕೊಂಡಾಗ ಅವನ ಭಾಗ ಯಾವ ಜಗಳವೂ ಇಲ್ಲದೆ ಅಣ್ಣನಿಗೆ ಸೇರಿತು.